ಬೆಳಗೊಳದಲ್ಲಿ ಉಳಿದವನು

ಮಂಗಳಮ್ಮನ ಮಗ ಧರ್ಮೇಂದ್ರ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಅವನು ಅಲ್ಲೇ ಎಲ್ಲೋ ಇದ್ದಾನೆ ಎಂದು ಗಂಡಹೆಂಡಿರಿಬ್ಬರಿಗೂ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ.

ಅವರದು ಪಾಂಡವಪುರ ತಾಲ್ಲೂಕಿನಲ್ಲಿ ನಾಲೆಯ ಏರಿಗೆ ಅಂಟಿಕೊಂಡ ಹಳ್ಳಿ. ಸುತ್ತ ಕಬ್ಬು, ನಡುವೆ ಇವರ ಹಿಪ್ಪುನೇರಳೆ ತೋಟ, ತೋಟದ ತಲೆಯಲ್ಲಿ ಶೀಟು ಹೊದಿಸಿದ ಹುಳುವಿನ ಮನೆ. ಕೆ.ಆರ್. ಪೇಟೆ ಕಡೆಯಿಂದ ಸೊಸೆಯಾಗಿ ಬಂದ ವರ್ಷದಿಂದಲೂ ಮಂಗಳಮ್ಮ ರೇಷ್ಮೆಹುಳು ಸಾಕುತ್ತಿದ್ದಳು. ಗಂಡ ತಮ್ಮಯ್ಯ ಸೊಪ್ಪು ಕೊಯ್ದು ಹೊತ್ತು ತರುವವನು, ಇವಳು ಹುಳುವಿನ ಮಗ್ಗುಲಲ್ಲಿ ಇರುವವಳು. ಮಗ ಎರಡಕ್ಕೂ ಕೈ ಹಾಕುತ್ತಿದ್ದ. ಡಿಪ್ಲೊಮಾ ಓದಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಲವು ಕಾಲ ದುಡಿದು, "ಅಲ್ಲಿ ಸದ್ದು ಜಾಸ್ತಿ ಕಣವ್ವ, ನಮ್ ಉಳಗಳೇ ವಾಸಿ" ಎಂದು ಮನೆಗೆ ಬಂದುಬಿಟ್ಟಿದ್ದ.

ಬೆಳಗೊಳದ ಆಚೆ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿಯವರಿಗೆ ಮಾರುಕಟ್ಟೆಯ ಗೂಡು ಆಗುತ್ತಿರಲಿಲ್ಲ. ಔಷಧಿ ಹೊಡೆಯದ ಸೊಪ್ಪು ತಿಂದ ಹುಳು ಕಟ್ಟಿದ, ಕಲೆಯಿಲ್ಲದ ಗೂಡೇ ಬೇಕಿತ್ತು. ಪ್ರತಿ ಬೆಳೆಯಲ್ಲೂ ಒಂದು ಬುಟ್ಟಿಯಷ್ಟನ್ನು ಧರ್ಮೇಂದ್ರ ಬೈಕಿಗೆ ಕಟ್ಟಿಕೊಂಡು ಶ್ರೀರಂಗಪಟ್ಟಣದ ಮೇಲೆ ಹಾಯ್ದು ಕೊಟ್ಟುಬರುತ್ತಿದ್ದ. ಕಳೆದ ಆಷಾಢದಲ್ಲಿ ಹಾಗೆ ಹೊರಟವನು ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿದ. ಗೂಡು ಚೆಲ್ಲಾಡಿ ರಸ್ತೆಯೆಲ್ಲ ಬೆಳ್ಳಗಾಗಿತ್ತು ಎಂದು ಕಂಡವರು ಯಾರೋ ಹೇಳಿದ್ದು ಮಂಗಳಮ್ಮನ ಕಿವಿಗೆ ಬಿದ್ದಿತ್ತು. ಮಗನ ಸಾವು ಎಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಆ ಬಿಳುಪೊಂದೇ. ಏಕೆಂದರೆ ಅವನ ಮುಖವನ್ನು ಅವಳಿಗೆ ಯಾರೂ ತೋರಿಸಲಿಲ್ಲ. ಆಸ್ಪತ್ರೆಯವರು ಸುತ್ತಿ ಕಟ್ಟಿ ಕೊಟ್ಟದ್ದನ್ನು ಹಾಗೇ ತೋಟದ ಮೂಲೆಯಲ್ಲಿ ಸುಟ್ಟರು. ಬೂದಿಯನ್ನು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಬಿಟ್ಟರು.

ತಿಥಿಯ ದಿನ ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಏರಿಯ ಮೇಲಿನ ಹೊಂಗೆ ಮರದಲ್ಲಿ ಸಾಲಾಗಿ ಕೂತು ನೋಡುತ್ತಿದ್ದವು. ಬಿಸಿಲೇರಿದರೂ ಒಂದೂ ಕೆಳಗಿಳಿಯಲಿಲ್ಲ. ನೆಂಟರು ಕಾದು ಕಾದು ಅನ್ನವನ್ನು ಹಸುವಿಗಿಟ್ಟು ಊಟಕ್ಕೆ ಎದ್ದರು. ತಮ್ಮಯ್ಯ ಮಾತ್ರ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದ.

ಆಮೇಲೆ ಶುರುವಾಯಿತು. ಸಂಜೆಯಾಗುತ್ತಲೇ ಏರಿಯ ತಿರುವಿನಲ್ಲಿ ಬೈಕೊಂದು ವೇಗ ತಗ್ಗಿಸಿದ ಸದ್ದು. ಮಂಗಳಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಏರಿ ಖಾಲಿ. ಹುಳುವಿನ ಮನೆಯಲ್ಲಂತೂ ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ, ಬಿಟ್ಟು ಬರಲೂ ಮನಸ್ಸಾಗುತ್ತಿರಲಿಲ್ಲ. ಹುಳುಗಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದನ್ನು ಈ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳುಗಳಿಗೆ ಸೊಪ್ಪು ಹಾಕಿದರೆ, ಅವೆಲ್ಲ ಒಟ್ಟಿಗೆ ಮೇಯುವ ಸದ್ದು ಶೀಟಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ಆ ಸೋನೆಯ ಒಳಗೆ, ತುಂಬ ಒಳಗೆ, ಯಾರೋ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು. ಸೊಪ್ಪು ಹರಡುವಾಗ ಧರ್ಮೇಂದ್ರ ಹಾಗೇ ಸಿಳ್ಳೆ ಹಾಕುತ್ತಿದ್ದ. ಅವಳು ಕೈ ನಿಲ್ಲಿಸಿದರೆ ಸಿಳ್ಳೆಯೂ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ತಮ್ಮಯ್ಯ ಹುಳುವಿನ ಮನೆಯ ಹೊಸ್ತಿಲಿಂದ ಕೂಗಿದ. ರೋಗ ಒಳಗೆ ಬರದಿರಲೆಂದು ಹೊಸ್ತಿಲ ಮುಂದೆ ಸುಣ್ಣದ ಪುಡಿ ಹಾಸಿರುತ್ತಾರೆ. ಅದರ ಮೇಲೆ ಬರಿಗಾಲಿನ ಹೆಜ್ಜೆಯೊಂದು ಮೂಡಿತ್ತು.

"ನಿಂದಾ ಇದು?"

"ನನ್ ಕಾಲು ಅಷ್ಟುದ್ದ ಎಲ್ಲೈತೆ? ನಿಮ್ದೇ ಇರಬೇಕು."

ತಮ್ಮಯ್ಯ ಚಪ್ಪಲಿ ಬಿಟ್ಟು ಆ ಹೆಜ್ಜೆಯ ಪಕ್ಕದಲ್ಲಿ ತನ್ನ ಕಾಲು ಊರಿದ. ಅವನದು ಚಿಕ್ಕದಾಗಿತ್ತು. ಇಬ್ಬರೂ ಮುಖ ನೋಡಿಕೊಂಡರು. "ಒಳಕ್ಕೋಗೈತೆ, ಆಚೆ ಬಂದಿಲ್ಲ ನೋಡು" ಎಂದ ತಮ್ಮಯ್ಯ, ಸಣ್ಣ ದನಿಯಲ್ಲಿ. ಮಂಗಳಮ್ಮ ಒಂದು ಹಿಡಿ ಪುಡಿ ತಂದು ಹೆಜ್ಜೆಯ ಮೇಲೆ ಚೆಲ್ಲಿ ಸಮ ಮಾಡಿದಳು. ಹೆದರಿಕೆಗಲ್ಲ. ಬೇರೆ ಯಾರಾದರೂ ಕಂಡು ಮಾಟ ಮಂತ್ರ ಎಂದು ಮಗನನ್ನು ಓಡಿಸಲು ಯಾರನ್ನೋ ಕರೆತಂದಾರು ಎಂದು.

ಅರ್ಪಿತ ಬಂದದ್ದು ಕಾರ್ತಿಕದಲ್ಲಿ. ನಾಗಮಂಗಲ ಕಡೆಯ ಹುಡುಗಿ, ಬೆಳಗೊಳದ ಆ ಕೇಂದ್ರದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಧರ್ಮೇಂದ್ರ ಗೂಡು ಕೊಡುತ್ತಿದ್ದದ್ದು ಅವಳ ಕೈಗೇ. ಹಿಂದೆ ಹಲವು ಸಲ ಈ ಮನೆಯಲ್ಲಿ ಮುದ್ದೆ ಉಂಡು ಹೋಗಿದ್ದಳು. ಅವನನ್ನು ಸುಡುವ ದಿನ ಬಂದು ದೂರ ನಿಂತು ಹೋದವಳು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡಿದ್ದಳು.

"ಗೂಡಿಗೆ ಬಂದ್ಯಾ ಮಗ?" ಎಂದಳು ಮಂಗಳಮ್ಮ.

"ಇಲ್ಲ ಅಮ್ಮಾ. ಸುಮ್ನೆ ಮಾತಾಡ್ಸೋಣ ಅಂತ."

ಮಾತು ಎಲ್ಲಿಂದಲೋ ಎಲ್ಲಿಗೋ ಹೋಯಿತು. ನಡುವೆ ಮಂಗಳಮ್ಮನಿಗೆ ಒಂದು ನೆನಪಾಯಿತು. ಹಿಂದಿನ ವರ್ಷ ಧರ್ಮೇಂದ್ರನ ಕೊನೆಯ ದವಡೆಹಲ್ಲು ವಕ್ರವಾಗಿ ಬೆಳೆದು ಕೆನ್ನೆ ಊದಿಕೊಂಡಿತ್ತು. ಅರ್ಪಿತಳೇ ತನಗೆ ಗೊತ್ತಿದ್ದ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ ಕೀಳಿಸಿದ್ದಳು. ಕಿತ್ತ ಹಲ್ಲನ್ನು ಅವಳ ಕೆಲಸಕ್ಕೆ ಕೊಟ್ಟು ಬಂದೆನೆಂದು ಧರ್ಮೇಂದ್ರ ಮನೆಯಲ್ಲಿ ನಕ್ಕಿದ್ದ: "ನನ್ ಹಲ್ಲು ಬೆಳಗೊಳದಲ್ಲಿ ಓದ್ತಾ ಐತೆ ಕಣವ್ವ. ನಾನಂತೂ ಓದ್ನಿಲ್ಲ, ಅದಾದ್ರೂ ಓದ್ಲಿ."

"ಅವನ ಹಲ್ಲು ಏನ್ ಮಾಡುದ್ರಿ ಮಗ?" ಎಂದು ಕೇಳಿದಳು.

ಅರ್ಪಿತ ಲೋಟವನ್ನು ಕೆಳಗಿಟ್ಟಳು. ಹೇಳಬೇಕೆಂದೇ ಬಂದವಳು, ಹೇಳದೆ ಎದ್ದು ಹೋಗಲು ಮನಸ್ಸು ಮಾಡಿಕೊಂಡಿದ್ದಳೇನೋ. ತಲೆ ತಗ್ಗಿಸಿ ನಿಧಾನವಾಗಿ ಹೇಳಿದಳು.

"ಹಲ್ಲಿನ ಒಳಗೆ ಮೆತ್ತಗಿನ ತಿರುಳಿರುತ್ತೆ ಅಮ್ಮಾ. ಅದ್ರಲ್ಲಿ ಇನ್ನೂ ಏನೂ ಆಗದೆ ಉಳ್ಕೊಂಡಿರೋ ಜೀವಕೋಶಗಳಿರ್ತವೆ. ಸ್ಟೆಮ್ ಸೆಲ್ಲು ಅಂತಾರೆ. ಸರಿಯಾಗಿ ಸಾಕಿದ್ರೆ ಅವು ಮೂಳೆ ಆಗಬಲ್ಲವು. ಆದ್ರೆ ಸುಮ್ನೆ ನೀರಲ್ಲಿ ಬಿಟ್ರೆ ಆಗಲ್ಲ, ಹಿಡ್ಕೊಳ್ಳೋಕೆ ಏನಾದ್ರೂ ಬೇಕು ಅವಕ್ಕೆ."

"ಚಂದ್ರಿಕೆ ಬೇಕಲ್ಲ ಹಣ್ಣಾದ ಉಳೀಗೆ, ಅಂಗಾ?"

"ಹಂಗೇ. ಗೂಡು ಕಟ್ಟೋಕೆ ಹುಳುಗೆ ಬಿದಿರಿನ ತಟ್ಟೆ ಹೇಗೋ ಹಂಗೆ. ಅದಕ್ಕೆ ನಿಮ್ಮ ಗೂಡು ತರಿಸ್ಕೋತಿದ್ದದ್ದು. ಬೇಯಿಸಿ ಅಂಟು ತೆಗೆದು, ಕರಗಿಸಿ, ಸ್ಪಂಜಿನ ಥರ ತೂತುತೂತಾಗಿರೋ ಬಿಲ್ಲೆ ಮಾಡ್ತೀವಿ. ಅದ್ರ ಮೇಲೆ ಕೋಶಗಳನ್ನ ಬಿಡ್ತೀವಿ. ರೇಷ್ಮೆ ನಮ್ಮ ಮೈಗೆ ಒಗ್ಗುತ್ತೆ. ಮುಂದೆ ಯಾವತ್ತಾದ್ರೂ ದವಡೆ ಮುರ್ಕೊಂಡೋರಿಗೆ, ಬಾಯೊಳಗಿನ ಅಂಗುಳ ಸೀಳಿ ಹುಟ್ಟೋ ಮಕ್ಕಳಿಗೆ ಮೂಳೆ ಬೆಳೆಸಿ ಕೊಡಬಹುದು ಅಂತ ಆಸೆ. ಇನ್ನೂ ಯಾರಿಗೂ ಹಾಕೋ ಹಂತಕ್ಕೆ ಬಂದಿಲ್ಲ."

"ಸರಿ, ಅವನ ಹಲ್ಲಿಂದು ಏನಾಯ್ತು ಅಂತ ಕೇಳ್ದೆ."

"ಬದುಕೈತೆ ಅಮ್ಮಾ," ಎಂದಳು ಅರ್ಪಿತ. ಊರಿನ ಮಾತು ಅವಳಿಗೆ ತಾನಾಗಿ ಬಂದುಬಿಟ್ಟಿತ್ತು. "ನಿಮ್ಮ ರೇಷ್ಮೆ ಮೇಲೇ ಬೆಳೀತಾ ಐತೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಅದನ್ನ ನೋಡ್ತೀನಿ. ನಿಮಗೆ ಹೇಳದೆ ಎಂಗೆ ನೋಡ್ಲಿ ಅನ್ಸೋಯ್ತು."

ಅಂಗಳದಲ್ಲಿ ದೊಪ್ಪನೆ ಸದ್ದಾಯಿತು. ತಮ್ಮಯ್ಯ ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಇಳಿಸಲಿಲ್ಲ, ಬೀಳಿಸಿದ್ದ.

"ಕೇಳ್ದೇನೆ?" ಎಂದ ಹೆಂಡತಿಗೆ. "ಅದುಕ್ಕೇ ಕಾಗೆ ಮುಟ್ನಿಲ್ಲ. ಅವನು ಪೂರ್ತಿ ಸತ್ತೇ ಇಲ್ಲ ಕಣೆ. ನಾವು ಅರ್ಧ ಸುಟ್ಬುಟ್ಟು ಬಂದಿದೀವಿ."

ಆ ದಿನದಿಂದ ಅವನದು ಒಂದೇ ಹಟ. ಉಳಿದಿರುವ ಅರ್ಧವನ್ನೂ ತಂದು ನೀರಿಗೆ ಬಿಡಬೇಕು. ಇಲ್ಲದಿದ್ದರೆ ಮಗ ಹೀಗೇ ಏರಿಗೂ ಮನೆಗೂ ನಡುವೆ ಅಲೆಯುತ್ತಾನೆ. ಮಂಗಳಮ್ಮನಿಗೆ ಬೇಕಾದದ್ದು ಬೇರೆ. ಅವಳಿಗೆ ನೋಡಬೇಕಿತ್ತು. ಅರ್ಪಿತ ತನ್ನ ಮೇಲಿನವರನ್ನು ಕೇಳಿ ಒಪ್ಪಿಸಿದಳು. ಬಂದು ನೋಡಬಹುದು, ತಂದೆತಾಯಿ ಬೇಡವೆಂದರೆ ಕೆಲಸ ನಿಲ್ಲಿಸಿ ಬಿಲ್ಲೆಗಳನ್ನು ಕೊಟ್ಟುಬಿಡುತ್ತೇವೆ ಎಂದರಂತೆ. ಆದರೆ ಒಂದು ಮಾತು ಇತ್ತು. ಜೀವವಿರುವುದನ್ನು ಆಚೆ ಕಳಿಸುವಂತಿಲ್ಲ. ಮೊದಲು ಒಳಗೇ ಸಾಯಿಸಿ, ತೊಳೆದು, ಆಮೇಲೆ ಕೊಡಬೇಕು.

ಸಾಯಿಸಿ ಎನ್ನುವ ಮಾತಿಗೂ ತಮ್ಮಯ್ಯ ಹಟ ಬಿಡಲಿಲ್ಲ. ಪೆಟ್ಟಿಗೆಯಿಂದ ತಾಮ್ರದ ತಂಬಿಗೆ ತೆಗೆದು ಹುಣಸೆಹಣ್ಣು ಹಾಕಿ ಉಜ್ಜಿದ.

ಬೆಳಗೊಳಕ್ಕೆ ಇಬ್ಬರೂ ಬಸ್ಸಿನಲ್ಲಿ ಹೋದರು. ಹೆದ್ದಾರಿ ದಾಟುವಾಗ ತಮ್ಮಯ್ಯ ಕಣ್ಣು ಮುಚ್ಚಿಕೊಂಡ. ಕೇಂದ್ರದ ಒಳಗೆ ಬರಲು ಒಪ್ಪದೆ, ಗೇಟು ಕಾಯುವ ಬೋರಯ್ಯನ ಬೆಂಚಿನ ಮೇಲೆ ತಂಬಿಗೆ ಹಿಡಿದು ಕೂತ. ಅರ್ಪಿತ ಮಂಗಳಮ್ಮನಿಗೆ ಕಾಲು ತೊಳೆಸಿ, ಬೇರೆ ಚಪ್ಪಲಿ ಹಾಕಿಸಿ, ತಲೆಗೆ ಟೋಪಿ ಕಟ್ಟಿದಳು. ತಾನೂ ಹುಳುವಿನ ಮನೆಗೆ ಹೊರಗಿನವರನ್ನು ಹೀಗೇ ಬಿಟ್ಟುಕೊಳ್ಳುವುದಲ್ಲವೇ ಎಂದು ಮಂಗಳಮ್ಮನಿಗೆ ಅನಿಸಿತು.

ಒಂದು ಕೋಣೆಯಲ್ಲಿ ಚಿಕ್ಕ ಬೀರುವಿನಂಥದ್ದು ಇತ್ತು. ಸಣ್ಣಗೆ ಗುಂಯ್ ಎನ್ನುತ್ತಿತ್ತು. "ಇದರೊಳಗೆ ಇದೆ ಅಮ್ಮಾ" ಎಂದಳು ಅರ್ಪಿತ. ಮಂಗಳಮ್ಮ ತಡೆಯಲಾರದೆ ಬಾಗಿಲ ಮೇಲೆ ಅಂಗೈ ಇಟ್ಟಳು. ಇಟ್ಟವಳೇ ಬೆಚ್ಚಿ ಹಿಂದಕ್ಕೆ ತೆಗೆದಳು.

"ಬೆಚ್ಚಗೈತೆ!"

"ಮೈ ಎಷ್ಟು ಬೆಚ್ಚಗಿರುತ್ತೋ ಅಷ್ಟೇ ಇಡಬೇಕು. ಇಲ್ಲಾಂದ್ರೆ ಬದುಕಲ್ಲ."

ಮಂಗಳಮ್ಮ ಮತ್ತೆ ಕೈ ಇಟ್ಟಳು. ಮಗ ಚಿಕ್ಕವನಿದ್ದಾಗ ನಿದ್ದೆಯಲ್ಲಿ ಅವನ ಬೆನ್ನಿನ ಮೇಲೆ ಕೈಯಿಟ್ಟರೆ ಹೀಗೇ ಇರುತ್ತಿತ್ತು. ಎಷ್ಟೋ ಹೊತ್ತು ತೆಗೆಯಲಿಲ್ಲ. ಅರ್ಪಿತಳೂ ಅವಸರ ಮಾಡಲಿಲ್ಲ.

ಆಮೇಲೆ ತೋರಿಸಿದಳು. ಮಾತ್ರೆಯಷ್ಟಗಲದ ಬಿಳಿ ಬಿಲ್ಲೆಗಳು, ಗುಲಾಬಿ ಬಣ್ಣದ ನೀರಿನಲ್ಲಿ ಮುಳುಗಿದ್ದವು. ಬರಿಗಣ್ಣಿಗೆ ಮತ್ತೇನೂ ಇಲ್ಲ. ತೆಳ್ಳಗಿನ ರೇಷ್ಮೆ ಪದರವೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿಸಿದಾಗ ಉದ್ದುದ್ದ, ಬಾಲ ಚಾಚಿದ, ಮಂಜಿನಂಥ ಆಕಾರಗಳು ಕಂಡವು. ಒಂದರ ಬಾಲ ಇನ್ನೊಂದನ್ನು ಮುಟ್ಟಿತ್ತು.

"ಇವುಕ್ಕೆ ನೋವು ಗೀವು ಆಯ್ತದಾ?"

"ಇಲ್ಲ ಅಮ್ಮಾ."

"ನಾವು ಬಂದಿರದು ಗೊತ್ತಾಯ್ತದಾ?"

"ಇಲ್ಲ. ಅದಕ್ಕೆಲ್ಲ ಬೇರೆ ಬೇಕು. ಇವು ಬರೀ ಕೋಶಗಳು."

"ನಿಂಗೆಂಗೆ ಗೊತ್ತು ಮಗ?"

ಅರ್ಪಿತ ಆ ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಂದ ತೆಗೆದು ಮತ್ತೆ ಬೀರುವಿನೊಳಗೆ ಇಟ್ಟಳು.

ಮಂಗಳಮ್ಮ ನೇರ ಗೇಟಿಗೆ ಬಂದು ಗಂಡನ ಮುಂದೆ ನಿಂತಳು. "ಒಳಿಕ್ಕೆ ಬನ್ನಿ."

"ನಾನು ಬರಕ್ಕಿಲ್ಲ. ಈಸ್ಕೊಂಡು ಬಾ, ಓಗವ."

"ಅವತ್ತೂ ಮೊಕ ನೋಡ್ದಲೇ ಸುಟ್ರಿ. ಇವತ್ತೂ ನೋಡ್ದಲೇ ನೀರಿಗೆ ಬುಡ್ತೀರಾ?"

ತಮ್ಮಯ್ಯ ಎದ್ದ. ಅರ್ಪಿತ ಅವನಿಗೆ ಕಂಪ್ಯೂಟರಿನಲ್ಲಿ ಇನ್ನೊಂದು ತೋರಿಸಿದಳು. ಇಡೀ ಹಗಲು ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಕೂಡಿಸಿ ಬೇಗ ಓಡಿಸಿದ್ದು. ಕಣ್ಣಿಗೆ ನಿಂತ ಹಾಗೆ ಕಾಣುತ್ತಿದ್ದ ಆ ಮಂಜಿನ ತುಣುಕುಗಳು ಅದರಲ್ಲಿ ನಡೆಯುತ್ತಿದ್ದವು. ರೇಷ್ಮೆಯ ಎಳೆ ಹಿಡಿದು ತಡವರಿಸಿ, ತಲೆಯೆತ್ತಿದಂತೆ ಮಾಡಿ, ದಾರಿ ಬದಲಿಸಿ ಮತ್ತೆ ಸಾಗುತ್ತಿದ್ದವು. ಒಂದು ನಿಂತು, ಉಂಡೆಗಟ್ಟಿ, ಎರಡಾಯಿತು. ತಮ್ಮಯ್ಯ ಪರದೆಗೆ ಮೂಗು ತಾಕುವಷ್ಟು ಬಾಗಿದ್ದ.

"ಇನ್ನೊಂದ್ಸಲ ಆಕವ್ವ," ಎಂದ.

ತಂಬಿಗೆ ಖಾಲಿಯೇ ಮನೆಗೆ ಬಂತು.

ಹಟ ಮಾಡಿದವನು ಈಗ ಹಟವನ್ನೇ ಮರೆತ. ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎದ್ದು, ತಲೆ ಬಾಚಿ, ಒಗೆದ ಅಂಗಿ ತೊಟ್ಟು ಬೆಳಗೊಳಕ್ಕೆ ಹೊರಟುಬಿಡುತ್ತಿದ್ದ. ಅರ್ಪಿತ ಪಾಪವೆಂದು ಆಗಾಗ ಒಳಗೆ ಬಿಡುತ್ತಿದ್ದಳು. ಬಿಡದ ದಿನ ಬೋರಯ್ಯನ ಬೆಂಚಿನ ಮೇಲೆ ಸಂಜೆಯ ತನಕ ಕೂತಿರುತ್ತಿದ್ದ. ಒಳಗೆ ಬಿಟ್ಟಾಗ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದನಂತೆ: ನಾಲೆಗೆ ನೀರು ಬಿಟ್ಟರು, ಕೆಂದ ಹಸ ಗಬ್ಬ ಕಟ್ಟಿದೆ, ಮೇಲುಗಡೆ ಮನೆ ದ್ಯಾವಯ್ಯ ತೀರಿಕೊಂಡ. ಒಮ್ಮೆ ಅರ್ಪಿತಳನ್ನು ಕೇಳಿದ, "ಇವುನ್ನೇ ಬೆಳುಸ್ತಾ ಬೆಳುಸ್ತಾ ಓದ್ರೆ ಮನುಷ್ಯನ್ನ ಮಾಡಕ್ಕಾಗಕ್ಕಿಲ್ವಾ?" ಆಗುವುದಿಲ್ಲವೆಂದು ಅವಳು ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ, ಕೇಳಿಸಿಕೊಂಡಂತೆ ಕಾಣಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೆ ತನ್ನ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟುಕೊಳ್ಳತೊಡಗಿದ. ಮಂಗಳಮ್ಮ ಎತ್ತಿಟ್ಟರೆ ಮತ್ತೆ ತಂದಿಡುತ್ತಿದ್ದ. ಸೊಪ್ಪು ಕೊಯ್ಯುವವರಿಲ್ಲದೆ ಹುಳುಗಳು ಹಸಿದು, ಆ ಬೆಳೆ ಅರ್ಧಕ್ಕರ್ಧ ಹಾಳಾಯಿತು. ಸತ್ತ ಹುಳುಗಳನ್ನು ಮಂಗಳಮ್ಮ ಒಬ್ಬಳೇ ಬಾಚಿ ಗುಂಡಿಗೆ ಹಾಕಿದಳು. ಅಂದು ಅವಳಿಗೆ ಹೊಳೆಯಿತು: ಏರಿಯ ಮೇಲೆ ಬೈಕಿನ ಸದ್ದು ಕೇಳಿ ಬಹಳ ದಿನವಾಗಿತ್ತು. ಸೋನೆಯ ಒಳಗಿನ ಸಿಳ್ಳೆಯೂ ಇರಲಿಲ್ಲ. ಧರ್ಮೇಂದ್ರ ಈ ಮನೆ ಬಿಟ್ಟು ಬೆಳಗೊಳಕ್ಕೆ ಹೋಗಿದ್ದ, ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದ. ಖಾಲಿ ಮನೆಯಲ್ಲಿ ಅವಳಿಗೆ ಮೊದಲ ಸಲ ಭಯವಾಯಿತು.

ಸಂಕ್ರಾಂತಿ ಕಳೆದು, ಬಿಸಿಲು ಬಲಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ತಮ್ಮಯ್ಯ ಬೇಗ ಮನೆಗೆ ಬಂದ. ಮುಖ ಬೂದಿಯಾಗಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತ.

"ನಮ್ ಹೈದ ಸೊರಗವ್ನೆ ಕಣೆ. ಮೊದ್ಲಂಗೆ ಓಡಾಡಕ್ಕಿಲ್ಲ."

ಮಾರನೆಯ ದಿನ ಇಬ್ಬರೂ ಹೋದರು. ಅರ್ಪಿತ ಕೋಣೆಯಲ್ಲಿ ಅವರನ್ನು ಕೂರಿಸಿ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ತೋರಿಸಿದಳು. ಹಿಂದೆ ಚೂಪಾಗಿ ಚುರುಕಾಗಿದ್ದವು ಈಗ ಅಗಲವಾಗಿ, ಚಪ್ಪಟೆಯಾಗಿ, ಮಡಿಕೆ ಬಿದ್ದು ಕೂತಿದ್ದವು. ಎರಡಾಗುವುದನ್ನು ನಿಲ್ಲಿಸಿದ್ದವು.

"ಯಾರ ತಪ್ಪೂ ಅಲ್ಲ ಅಪ್ಪಾಜಿ," ಎಂದಳು. "ಇವಕ್ಕೂ ಒಂದು ಆಯಸ್ಸು ಅಂತಿದೆ. ಇಷ್ಟು ಸಲ ಎರಡಾದ ಮೇಲೆ ಮುಗೀತು, ಆಮೇಲೆ ವಯಸ್ಸಾಗುತ್ತೆ. ಸಾಕೋ ಕೈ ಎಷ್ಟು ಚೆನ್ನಾಗಿದ್ರೂ ಆಗುತ್ತೆ."

ತಮ್ಮಯ್ಯ ಬಹಳ ಹೊತ್ತು ಪರದೆಯನ್ನೇ ನೋಡಿದ. "ಅಂಗಾರೆ ನಂಗಿಂತ ಮುಂಚೆ ಮುದುಕನಾಗ್ಬುಟ್ನಾ?" ಎಂದ. ಆ ಮಾತಿಗೆ ಅವನ ತುಟಿ ನಗಲು ಹೋಗಿ ಸೊಟ್ಟಗಾಯಿತು.

ಅರ್ಪಿತಳಿಗೆ ನೋಡಲಾಗಲಿಲ್ಲ. ಸಮಾಧಾನ ಹೇಳಲು ಹೋಗಿ ಇನ್ನೊಂದು ಹೇಳಿಬಿಟ್ಟಳು. ಕಿತ್ತ ಹಲ್ಲು ಕೈಗೆ ಬಂದ ಹೊಸದರಲ್ಲೇ ಸ್ವಲ್ಪ ಕೋಶಗಳನ್ನು ಬೇರೆ ಮಾಡಿ, ವಿಪರೀತ ತಣ್ಣಗಿರುವ ಪೀಪಾಯಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದೆ. ಅಲ್ಲಿ ಅವು ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಎಬ್ಬಿಸಿದರೆ ಮೊದಲಿನ ಹಾಗೇ ಎದ್ದು ಹೊಸ ಬಿಲ್ಲೆಯ ಮೇಲೆ ಬೆಳೆಯುತ್ತವೆ.

"ಎಬ್ಸವ್ವಾ!" ತಮ್ಮಯ್ಯ ಅವಳ ಎರಡೂ ಕೈ ಹಿಡಿದುಕೊಂಡ. "ನಿನ್ ಕಾಲಿಗೆ ಬೀಳ್ತೀನಿ, ಎಬ್ಸು. ನಾನು ಗೂಡು ತತ್ತೀನಿ, ಒಳ್ಳೇ ಗೂಡು ತತ್ತೀನಿ."

"ಬ್ಯಾಡ," ಎಂದಳು ಮಂಗಳಮ್ಮ.

ಇಬ್ಬರೂ ತಿರುಗಿ ನೋಡಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು, ದನಿ ಏರಿರಲಿಲ್ಲ.

"ಒಂದ್ಸಲ ಲಾರಿ ತಕೊಂಡೋಯ್ತು, ನೋಡಕ್ಕೂ ಸಿಗ್ನಿಲ್ಲ. ಈಗ ವಯಸ್ಸಾಗಿ ಓಯ್ತಾವ್ನೆ, ಕಣ್ಣೆದುರಿಗೆ. ಇಷ್ಟಾದ್ರೂ ಆಯ್ತಲ್ಲ ನಮ್ಗೆ. ಇನ್ನೊಂದ್ಸಲ ಎಬ್ಸದು, ಅವ್ನು ಮತ್ತೆ ಮುದುಕನಾಗದು, ನೀವು ಮತ್ತೆ ಇಲ್ಲೇ ಕುಂತು ಕಾಯದು... ಅವನಿಗೂ ಸಾಕು ಅನ್ಸಾಕಿಲ್ವಾ? ಎಷ್ಟ್ ಸಲ ಸಾಯ್ಬೇಕು ಅವ್ನು?"

"ನಿಂಗೆ ಕರುಳಿಲ್ಲ ಕಣೆ," ಎಂದ ತಮ್ಮಯ್ಯ. "ಹೆತ್ತ ಕರುಳು ಇದ್ದಿದ್ರೆ ಇಂಗಂತಿದ್ಯಾ?"

"ಇರೋದಕ್ಕೇ ಅಂತಾವ್ನಿ." ಅವಳು ಅರ್ಪಿತಳ ಕಡೆ ತಿರುಗಿದಳು. "ತಣ್ಣಗೆ ಮಲಗ್ಸಿದೀನಿ ಅಂದ್ಯಲ್ಲ, ಅದು ಅವನಾಗೇ ಕೊಟ್ಟಿದ್ದು. ಕೊಟ್ಟಿದ್ದ ಇಸ್ಕೊಳ್ಳಕ್ಕೆ ನಾವ್ಯಾರು? ಯಾವುದಾರ ಮಗೀಗೆ ದವಡೆ ಆಗದಾದ್ರೆ ಆಗ್ಲಿ, ನಿನ್ ಕೆಲ್ಸ ನೀ ಮಾಡು. ಆದ್ರೆ ನಮ್ಗೆ ಯೋಳ್ಬೇಡ ಮಗ. ಯಾವತ್ತು ಎಬ್ಬುಸ್ದೆ, ಏನ್ ಮಾಡ್ದೆ, ಒಂದ್ ಮಾತೂ ಯೋಳ್ಬೇಡ. ಇವ್ರು ಗೇಟ್ ತಾವ ಬಂದು ಕೇಳುದ್ರೂ ಯೋಳ್ಬೇಡ."

ಅರ್ಪಿತ ಅಳುತ್ತಿದ್ದಳು. ತಲೆಯಾಡಿಸಿದಳು.

ತಮ್ಮಯ್ಯ ಆ ದಿನ ಹೆಂಡತಿಯ ಜೊತೆ ಬಸ್ಸು ಹತ್ತಲಿಲ್ಲ. ನಡೆದುಕೊಂಡೇ ಎಲ್ಲಿಗೋ ಹೋದ, ಕತ್ತಲಾಗುವಾಗ ಮನೆಗೆ ಬಂದ. ಅನಂತರ ಅವಳ ಜೊತೆ ಮಾತು ಬಿಟ್ಟ. ಬೆಳಗೊಳಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಈಗ ಹೋಗುತ್ತಿದ್ದದ್ದು ಹಾಸಿಗೆ ಹಿಡಿದವರನ್ನು ನೋಡಲು ಹೋಗುವ ಹಾಗೆ. ಕೂತು, ನೋಡಿ, ಎದ್ದು ಬರುತ್ತಿದ್ದ. ಬೀರುವಿನ ಹತ್ತಿರ ಮಾತೂ ಆಡುತ್ತಿರಲಿಲ್ಲ ಎಂದು ಅರ್ಪಿತ ಫೋನಿನಲ್ಲಿ ಹೇಳಿದಳು. ಒಂದು ಸಂಜೆ ಊಟಕ್ಕೆ ಕೂತಾಗ ಎರಡನೆಯ ತಟ್ಟೆಯನ್ನು ಅವನು ತರಲಿಲ್ಲ. ಮಂಗಳಮ್ಮ ಗಮನಿಸಿದಳು.

ಯುಗಾದಿಗೆ ಮುಂಚೆ ಅರ್ಪಿತಳ ಫೋನು ಬಂತು. ತಮ್ಮಯ್ಯನೇ ಎತ್ತಿಕೊಂಡ. ಕೇಳಿಸಿಕೊಂಡು, "ಆಗ್ಲಿ ಕಣವ್ವ" ಎಂದು ಇಟ್ಟ. ಆಮೇಲೆ ಹೆಂಡತಿಗೆ, ಎಷ್ಟೋ ದಿನಗಳ ಮೇಲೆ, "ನಾಳೀಕ್ ಬಾ ಅಂದ್ಲು" ಎಂದ.

ಕೋಶಗಳು ತಾವಾಗಿ ಒಂದೊಂದೇ ಹಿಡಿ ಬಿಟ್ಟು ನೀರಿನಲ್ಲಿ ತೇಲುತ್ತಿದ್ದವು. ಉಳಿದದ್ದನ್ನು ಮುಗಿಸಲು ಅರ್ಪಿತ ಒಂದು ದ್ರವ ಹಾಕಿದಳು. ತಮ್ಮಯ್ಯ ಪಕ್ಕದಲ್ಲೇ ನಿಂತಿದ್ದ. ಕಣ್ಣು ಮುಚ್ಚಲಿಲ್ಲ. ತೊಳೆದು, ಮತ್ತೆ ತೊಳೆದು, ಒಣಗಿಸಿ, ಬಿಲ್ಲೆಗಳನ್ನು ಅವಳು ತಂಬಿಗೆಗೆ ಹಾಕಿ ಕೊಟ್ಟಳು. ಬೀರುವಿನ ಬಾಗಿಲು ತೆರೆದೇ ಇತ್ತು. ಒಳಗಿನ ಬಿಸಿ ಕೋಣೆಗೆಲ್ಲ ಸೋರಿಹೋಗುತ್ತಿತ್ತು.

ಪಶ್ಚಿಮವಾಹಿನಿಯಲ್ಲಿ ಜನವೋ ಜನ. ಬೂದಿಯ ಮಡಕೆ ಹಿಡಿದವರು, ತಲೆ ಬೋಳಿಸಿಕೊಂಡವರು, ಮಕ್ಕಳನ್ನು ನೀರಿಗಿಳಿಯದಂತೆ ಗದರುವವರು. ಮಂತ್ರ ಹೇಳುವವರೊಬ್ಬರು ಬಂದು "ಅಸ್ಥಿನಾ?" ಎಂದು ತಂಬಿಗೆಯೊಳಗೆ ಇಣುಕಿ, ಬಿಳಿ ಬಿಲ್ಲೆಗಳನ್ನು ಕಂಡು ಅರ್ಥವಾಗದೆ ನಿಂತರು.

"ಮಗ," ಎಂದ ತಮ್ಮಯ್ಯ. ಅವರು ಹೆಚ್ಚು ಕೇಳದೆ ದಾರಿ ಬಿಟ್ಟರು.

ಮೊಣಕಾಲು ನೀರಿಗೆ ಇಳಿದು ಅವನು ತಂಬಿಗೆ ಬಗ್ಗಿಸಿದ. ರೇಷ್ಮೆ ಮುಳುಗಲಿಲ್ಲ. ಹಗುರವಾಗಿ ತೇಲಿ, ಮೆಟ್ಟಿಲ ಹತ್ತಿರದ ಸುಳಿಯಲ್ಲಿ ಸುತ್ತಿ ಸುತ್ತಿ ಮತ್ತೆ ಅವನ ಕಾಲ ಬಳಿಗೇ ಬಂತು. ಒಂದು ಬಿಲ್ಲೆ ಅವನ ಮೊಣಕಾಲಿಗೆ ಅಂಟಿ ನಿಂತಿತು. ತಮ್ಮಯ್ಯ ಬಾಗಿ ಕೈ ಚಾಚಿದ. ಅವನ ಹಿಂದೆಯೇ ಸೀರೆ ನೆನೆಸಿಕೊಂಡು ಇಳಿದಿದ್ದ ಮಂಗಳಮ್ಮ ಆ ಕೈಯ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಹಿಡಿದಳು. ಅವನು ಕೊಸರಿದ. ಅವಳು ಬಿಡಲಿಲ್ಲ. ಹಾಗೇ ಇಬ್ಬರೂ ನಿಂತಿದ್ದಾಗ ಬಿಲ್ಲೆ ನೀರು ಕುಡಿದು ತೂಕವಾಗಿ, ಕಾಲಿನಿಂದ ಜಾರಿ, ಹರಿವಿನ ಕಡೆ ತಿರುಗಿತು. ಉಳಿದವೂ ಅದರ ಹಿಂದೆ ಹೋದವು. ಬಂಡೆಗಳ ನಡುವೆ ಸ್ವಲ್ಪ ಹೊತ್ತು ಬೆಳ್ಳಗೆ ಕಂಡು ಆಮೇಲೆ ಕಾಣಲಿಲ್ಲ.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗೊಳದ ಬಸ್ಸು ಬಂದು ನಿಂತಾಗ ಇಬ್ಬರೂ ಬೇರೆ ಕಡೆ ನೋಡಿದರು. ಅಲ್ಲಿ ಆ ಪೀಪಾಯಿಯ ತಳದಲ್ಲಿ, ಉಸಿರಿಲ್ಲದೆ, ಕನಸಿಲ್ಲದೆ, ಅವನು ಇನ್ನೂ ಮಲಗಿದ್ದಾನೆ ಎಂದು ಮಂಗಳಮ್ಮನಿಗೆ ಗೊತ್ತಿತ್ತು. ನಾಳೆಯೋ, ತಾವಿಬ್ಬರೂ ಹೋದ ಎಷ್ಟೋ ಕಾಲದ ಮೇಲೋ, ಯಾರೋ ಎಬ್ಬಿಸುತ್ತಾರೆ. ಆಗ ಬೆಚ್ಚಗಾಗಿ, ಎಳೆ ಹಿಡಿದು ನಡೆಯಲು ಶುರುಮಾಡುತ್ತಾನೆ. ಯಾರ ರೇಷ್ಮೆಯೋ ಏನೋ. ಅದನ್ನು ತಿಳಿಯದೆ ಬದುಕುವುದನ್ನು ಅವಳು ತಾನಾಗಿ ಕೇಳಿ ಪಡೆದುಕೊಂಡಿದ್ದಳು, ಈಗ ಅದರ ಭಾರ ಎದೆಯ ಮೇಲೆ ಕೂತಿತ್ತು.

ಪಾಂಡವಪುರದ ಬಸ್ಸು ಹೊರಟು, ಸೇತುವೆ ದಾಟಿದ ಮೇಲೆ ತಮ್ಮಯ್ಯ ಬಾಯಿಬಿಟ್ಟ.

"ಉಳೀಗೆ ಸೊಪ್ಪು ಯಾರಾಕುದ್ರು?"

"ಯಾರೂ ಆಕಿಲ್ಲ. ಬೆಳಿಗ್ಗಿಂದ ಅಂಗೇ ಅವೆ."

"ಮತ್ತೆ ಮೊದ್ಲೇ ಯೋಳದಲ್ವಾ?" ಎಂದು ಗೊಣಗಿ, ಒದ್ದೆ ಪಂಚೆಯನ್ನು ಹಿಂಡಿಕೊಂಡು, ಬಸ್ಸು ಇನ್ನೂ ಬೇಗ ಹೋಗಬಾರದೇ ಎನ್ನುವಂತೆ ಮುಂದಿನ ರಸ್ತೆಯನ್ನೇ ನೋಡುತ್ತ ಕೂತ.